ಪ್ರತಿಕ್ರಿಯೆ: ನಡುಕವಿಲ್ಲದಿದ್ದರೆ ಚಳಿಯ ತೊಂದರೆ ಅಲ್ಲವೇ?
ನಮಸ್ಕಾರ. ಔರಾದಿನಲ್ಲಿ ಬೆಳಗಿನ ಜಾವ ನಿಮ್ಮ ಅಜ್ಜಿಯ ಮಾತು ತೊದಲುತ್ತಿತ್ತು, ಮೈ ತಣ್ಣಗಿತ್ತು, ಆದರೆ ನಡುಕವಿರಲಿಲ್ಲ, ಆದ್ದರಿಂದ ಚಳಿ ಕಾರಣವಲ್ಲ ಎಂದಿದ್ದೀರಿ. ನನ್ನ ಅನುಮಾನ ಅಲ್ಲಿಯೇ ಹೆಚ್ಚಾಯಿತು. ದೇಹದೊಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ, ಅಂದರೆ 95 ಫ್ಯಾರನ್‌ಹೀಟ್‌ಗಿಂತ ಇಳಿದರೆ ಅದು ಹೈಪೋಥರ್ಮಿಯಾ. ಮೊದಲು ನಡುಕ ಬರುತ್ತದೆ; 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ನಿಲ್ಲತೊಡಗುತ್ತದೆ, ಗೊಂದಲ ಮತ್ತು ಮಂಪರು ಹೆಚ್ಚುತ್ತವೆ. ವಯಸ್ಸಾದವರಲ್ಲಿ ನಡುಕ ಮೊದಲೇ ಕಾಣದಿರಬಹುದು.

ಥರ್ಮಾಮೀಟರ್ 94 ತೋರಿಸಿತು ಎಂಬುದನ್ನು ನೆಚ್ಚಿಕೊಳ್ಳಬೇಡಿ. ಮನೆಯ ಪಾದರಸದ ಥರ್ಮಾಮೀಟರಿನಲ್ಲಿ ಅಂಕೆಗಳೇ ಸುಮಾರು ಅಲ್ಲಿಂದ ಶುರು. ಅದಕ್ಕಿಂತ ಕೆಳಗಿದ್ದರೂ ಗೊತ್ತಾಗದು. ಕಂಕುಳಿನ ಅಳತೆಯಂತೂ ಇಲ್ಲಿ ಕೆಲಸಕ್ಕೆ ಬಾರದು. ಆಸ್ಪತ್ರೆಯಲ್ಲಿ ಕಡಿಮೆ ಉಷ್ಣತೆ ಅಳೆಯುವ ಸಾಧನದಿಂದ ಗುದದ್ವಾರದಲ್ಲಿ ನೋಡುತ್ತಾರೆ, ಇಸಿಜಿ ತೆಗೆಯುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಾರೆ ಎಂದಿರಲ್ಲ, ರಕ್ತದ ಸಕ್ಕರೆಯನ್ನು ತಕ್ಷಣ ನೋಡಲೇಬೇಕು: ಅದು ಕುಸಿದರೂ ಇದೇ ಲಕ್ಷಣಗಳು. ಪಾರ್ಶ್ವವಾಯು, ಸೋಂಕು, ಥೈರಾಯ್ಡ್ ಕೊರತೆಯನ್ನೂ ವೈದ್ಯರು ಪರಿಶೀಲಿಸಬೇಕು. ಮುದುಕರಲ್ಲಿ ಸೋಂಕು ಜ್ವರವನ್ನೇ ತರಬೇಕೆಂದಿಲ್ಲ.

ಮತ್ತೆ ಹಾಗಾದರೆ 108ಕ್ಕೆ ಕರೆ ಮಾಡಿ. ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ, ಮಲಗಿಸಿಯೇ ಮೆಲ್ಲನೆ ಸಾಗಿಸಿ. ಕೈಕಾಲು ತಿಕ್ಕುವುದು ಬೇಡ, ಮಂಪರಿದ್ದರೆ ಬಾಯಿಗೆ ಚಹಾ ಹಾಕುವುದೂ ಬೇಡ.