ಮನೆಸಾಲ ತೀರಿದ ಮೇಲೆ ದೇವರ ಕರೆಗೆ ಓಗೊಟ್ಟರೆ ಆಗದೇ?

ನಿಮ್ಮ ಪ್ರಶ್ನೆಯ ಅತ್ಯಂತ ಮುಖ್ಯವಾದ ಸಾಲನ್ನು ನೀವು ಆವರಣದೊಳಗೆ ಹಾಕಿದ್ದೀರಿ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಕೂಟವೊಂದರಲ್ಲಿ ಪೂರ್ಣಾವಧಿಯ ಸೇವೆಗೆ ದೇವರು ಕರೆದಂತೆ ಅನಿಸಿದ್ದು, ಬೆಂಗಳೂರಿನ ನೌಕರಿ, ಇನ್ನೂ ತೀರದ ಮನೆಸಾಲ, ದಾವಣಗೆರೆಯಲ್ಲಿ ಒಬ್ಬರೇ ಇರುವ ತಾಯಿ, ಸಾಲ ತೀರುವವರೆಗೆ ಕಾಯಲೇ ಅಥವಾ ದೇವರಲ್ಲಿ ಒಂದು ಗುರುತನ್ನು ಕೇಳಲೇ ಎಂಬ ಗೊಂದಲ, ಇಷ್ಟನ್ನೂ ವಿಸ್ತಾರವಾಗಿ ಬರೆದು, ಕೊನೆಯಲ್ಲಿ "ಸಭೆಯ ಹಿರಿಯರೊಬ್ಬರು ಶನಿವಾರದ ಆಸ್ಪತ್ರೆ ಭೇಟಿಗೆ ಬಾ ಎನ್ನುತ್ತಿದ್ದಾರೆ, ಆದರೆ ನನ್ನ ಕರೆ ಅದಕ್ಕಿಂತ ದೊಡ್ಡದು" ಎಂದು ಸೇರಿಸಿದ್ದೀರಿ. ಹೆಚ್ಚುಕಡಿಮೆ ಇದೇ ಮಾತನ್ನು ನಾನೂ ಒಂದು ಕಾಲದಲ್ಲಿ ಆಡಿದವನು. ಆದ್ದರಿಂದ ನೀವು ಕೇಳಿದ್ದಕ್ಕೆ ನೇರ ಉತ್ತರ ಕೊಡುವ ಮೊದಲು ನನ್ನದನ್ನು ಹೇಳಿಬಿಡುತ್ತೇನೆ.

ನಾನು ಹುಬ್ಬಳ್ಳಿಯ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವನು, ವೃತ್ತಿಯಿಂದ ಬ್ಯಾಂಕ್ ನೌಕರ. ನಮ್ಮ ಕಡೆಯ ಹಳೆಯ ಕ್ರೈಸ್ತ ಮನೆಗಳಲ್ಲಿ ಮಕ್ಕಳು ಯುರೋಪಿನಿಂದ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳ ಕಥೆಗಳನ್ನು ಕೇಳುತ್ತಲೇ ದೊಡ್ಡವರಾಗುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದ ಮೊದಲ ತಂಡ, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್, ಇಪ್ಪತ್ತೊಂದರ ಪ್ರಾಯದಲ್ಲಿ 1853ರಲ್ಲಿ ಇಲ್ಲಿಗೆ ಬಂದು 1894ರಲ್ಲಿ ತಮ್ಮ ಕನ್ನಡ ನಿಘಂಟು ಅಚ್ಚಾದುದನ್ನು ಕಂಡ ಫರ್ಡಿನಾಂಡ್ ಕಿಟ್ಟೆಲ್, ಇವರೆಲ್ಲರ ಹೆಸರನ್ನು ನನ್ನ ತಂದೆ ನಮ್ಮ ಮನೆತನದ ಹಿರಿಯರ ಹೆಸರು ಹೇಳುವ ಧಾಟಿಯಲ್ಲೇ ಹೇಳುತ್ತಿದ್ದರು. ಹೀಗಾಗಿ ದೇವರು ಕರೆದರೆ ಹಡಗು ಹತ್ತಬೇಕು, ಊರು ಬಿಡಬೇಕು, ಎಲ್ಲರೂ ಬಂದು ಕಣ್ಣೀರಿಟ್ಟು ಬೀಳ್ಕೊಡಬೇಕು ಎಂಬ ಚಿತ್ರ ನನ್ನ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಕಿಟ್ಟೆಲರ ನಿಘಂಟಿನ ಹಿಂದೆ ಒಂದೊಂದೇ ಪದವನ್ನು ಬರೆದಿಟ್ಟ ದಶಕಗಳ ದಿನನಿತ್ಯದ ದುಡಿಮೆ ಇದೆಯೆಂಬುದನ್ನು ನಮಗೆ ಯಾರೂ ಕಥೆಯಾಗಿ ಹೇಳಲಿಲ್ಲ, ಏಕೆಂದರೆ ಕಥೆ ಮಾಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ನಾನೂ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೆ ಸೇರಿ, ಬಿ.ಡಿ. ಎಂಬ ದೇವಶಾಸ್ತ್ರದ ಪದವಿ ಓದಿ, ದೀಕ್ಷೆ ಪಡೆದು ಸಭಾಪಾಲಕನಾಗಬೇಕೆಂದು ನಿಶ್ಚಯಿಸಿದ್ದೆ. ತಂಗಿಯ ಮದುವೆಯಾಗಲಿ, ಒಂದು ಬಡ್ತಿ ಸಿಗಲಿ, ಆಮೇಲೆ ಎಂದು ಅದಕ್ಕೊಂದು ಸರದಿಯನ್ನೂ ಗೊತ್ತುಮಾಡಿದ್ದೆ.

ಆಗಮನ ಕಾಲದ ಒಂದು ಭಾನುವಾರ ಆರಾಧನೆ ಮುಗಿದ ಬಳಿಕ ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ನನ್ನನ್ನು ದೇವಾಲಯದ ಪಕ್ಕದ ಕೋಣೆಯಾದ ವೆಸ್ಟ್ರಿಗೆ ಕರೆದರು. ಮೇಜಿನ ಒಂದು ತುದಿಯಲ್ಲಿ ಖಜಾಂಚಿಗಳು ಕಾಣಿಕೆಯ ಚೀಲವನ್ನು ಸುರಿದು ಚಿಲ್ಲರೆಯನ್ನು ಸಾಲಾಗಿ ಜೋಡಿಸುತ್ತಿದ್ದರು. ಅಯ್ಯನವರು ತಮ್ಮ ನಿಲುವಂಗಿಯನ್ನು ಮಡಚುತ್ತ ಗದಗದ ಕಡೆಯ ಒಂದು ಹಳ್ಳಿಯ ಹೆಸರು ಹೇಳಿ, ಅಲ್ಲಿಯ ಉಪದೇಶಿಗಳು ನಿವೃತ್ತರಾಗಿ ಮಗನ ಊರಿಗೆ ಹೋಗಿದ್ದಾರೆಂದೂ ಪ್ರಾರ್ಥನಾಲಯದಲ್ಲಿ ಮಕ್ಕಳಿಗೆ ಪಾಠ ಹೇಳುವವರು ಯಾರೂ ಇಲ್ಲವೆಂದೂ ತಿಳಿಸಿ, "ಭಾನುವಾರ ಸಂಜೀಕ ನೀವು ಹೋಗಿ ಬರ್ತೀರೇನು? ಕ್ರಿಸ್ಮಸ್ಸಿಗೆ ನಾಟಕ ಮಾಡಬೇಕಂತ ಹುಡುಗ್ರು ಕುಂತಾವ" ಎಂದು ಕೇಳಿದರು. ಆ ಮಾತು ಕಿವಿಗೆ ಬಿದ್ದ ಕ್ಷಣವೇ ಇದು ನನಗೇ ಬಂದ ಮಾತು ಎಂದು ಒಳಗೆ ಗೊತ್ತಾಯಿತು. ಅನುಮಾನವೇ ಇರಲಿಲ್ಲ. ಆದರೂ ನಾನು ಕೊಟ್ಟ ಉತ್ತರ, "ಪ್ರಾರ್ಥನಾ ಮಾಡಿ ಹೇಳ್ತೀನ್ರಿ."

ಈ ಉತ್ತರದೊಳಗಿನ ತಪ್ಪನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಹೊರಗಿನಿಂದ ನೋಡಿದವರಿಗೆ ಅದು ಭಕ್ತಿಯಂತೆ ಕಾಣುತ್ತದೆ. ಸೋಮಾರಿತನದಿಂದ ನಾನು ಹಾಗೆ ಹೇಳಲಿಲ್ಲ. ನಿಜವಾಗಿಯೂ ಪ್ರತಿದಿನ ಮೊಣಕಾಲೂರಿ ಪ್ರಾರ್ಥಿಸಿದೆ. ಆದರೆ ಪ್ರಾರ್ಥಿಸಿ ತಿಳಿದುಕೊಳ್ಳಬೇಕಾದದ್ದು ಅದರಲ್ಲಿ ಏನಿತ್ತು? ಪಾಠ ಹೇಳುವವರಿಲ್ಲದ ಮಕ್ಕಳಿದ್ದರು, ಊರಿಗೆ ಬಸ್ಸಿತ್ತು, ಭಾನುವಾರ ಸಂಜೆ ನನಗೆ ಬಿಡುವಿತ್ತು. ಮಕ್ಕಳನ್ನು ನನ್ನ ಹತ್ತಿರಕ್ಕೆ ಬರಗೊಡಿಸಿರಿ ಎಂದು ಕರ್ತನು ಮೊದಲೇ ಹೇಳಿಯಾಗಿತ್ತು. ಹಾಗಿರುವಾಗ ನಾನು ದೇವರ ಚಿತ್ತವನ್ನು ಕೇಳುತ್ತಿದ್ದೇನೆಂದುಕೊಂಡು, ಮಾಡಿದ್ದು ವಿನಾಯಿತಿಯ ಅರ್ಜಿ. ಇದರ ಕೆಳಗೆ ಇನ್ನೊಂದು ಲೆಕ್ಕಾಚಾರವೂ ಇತ್ತು. ಆ ಹಳ್ಳಿಗೆ ಅಂಟಿಕೊಂಡರೆ ಥಿಯಾಲಜಿಯ ತಯಾರಿ ಕೆಡುತ್ತದೆ, ಚಿಕ್ಕ ಕೆಲಸದಿಂದ ದೊಡ್ಡ ಕರೆಯನ್ನು ಕಾಪಾಡಿಕೊಳ್ಳುವುದು ನನ್ನ ಕರ್ತವ್ಯ ಎಂದು ನನಗೆ ನಾನೇ ಬೋಧನೆ ಮಾಡಿಕೊಂಡಿದ್ದೆ. ಆ ದೊಡ್ಡ ಕರೆಗೆ ತಾರೀಖು ಇರಲಿಲ್ಲ, ಆದುದರಿಂದ ಏಕೆ ಹೋಗಲಿಲ್ಲವೆಂದು ನನ್ನನ್ನು ಯಾರೂ ಕೇಳುವಂತಿರಲಿಲ್ಲ. ಚಿಕ್ಕದಕ್ಕೆ ವಾರವಿತ್ತು, ಹೊತ್ತಿತ್ತು, ತಪ್ಪಿಸಿಕೊಂಡರೆ ಮರುದಿನವೇ ಊರಿಗೆಲ್ಲ ಗೊತ್ತಾಗುತ್ತಿತ್ತು. ಇಷ್ಟೆಲ್ಲಕ್ಕಿಂತ ಕೆಟ್ಟದ್ದೇನೆಂದರೆ ನಾನು ಆಗುವುದಿಲ್ಲ ಎಂದು ಹೇಳಲಿಲ್ಲ. ಹೇಳಿದ್ದರೆ ಅಯ್ಯನವರು ಅಂದೇ ಬೇರೊಬ್ಬರನ್ನು ಹುಡುಕುತ್ತಿದ್ದರು. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿ ಒಳಗೆ ಹತ್ತದೇ ಹೋದವನಂತೆ, ನಾನೂ ಹೋಗಲಿಲ್ಲ, ಇನ್ನೊಬ್ಬರಿಗೂ ಜಾಗ ಬಿಡಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಕ್ಯಾರಲ್ ತಂಡದೊಂದಿಗೆ ಆ ಹಳ್ಳಿಗೆ ಹೋದೆವು. ಪ್ರಾರ್ಥನಾಲಯದ ಬಾಗಿಲಿಗೆ ಬೀಗವಿತ್ತು, ಕೀಲಿ ಯಾರ ಮನೆಯಲ್ಲಿದೆಯೆಂದು ಹುಡುಕುವುದರಲ್ಲೇ ಬಹಳ ಹೊತ್ತು ಹೋಯಿತು. ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡಿದ್ದ ಒಬ್ಬ ಹುಡುಗಿ ನನ್ನನ್ನೇ ನೋಡುತ್ತಿದ್ದು, "ನೀವ ಏನ್ರೀ ಪಾಠಾ ಹೇಳಾಕ ಬರಾವ್ರು? ಹ್ವಾದ ವರ್ಷ ಅಯ್ಯನವರು ಹೇಳಿದ್ರು" ಎಂದಳು. ನಾಟಕದಲ್ಲಿ ಅವಳು ಕುರುಬರಿಗೆ ಕಾಣಿಸಿಕೊಳ್ಳುವ ದೇವದೂತನಂತೆ. ಮಾತನ್ನು ಬಾಯಿಪಾಠ ಮಾಡಿದ್ದೆನೆಂದು ಅಲ್ಲೇ ನಿಂತು ಹೇಳತೊಡಗಿದಳು, ಹೆದರಬೇಡಿರಿ ಎಂದು ಶುರುಮಾಡಿ ಅರ್ಧಕ್ಕೆ ಬಂದಾಗ ಉಳಿದದ್ದು ಮರೆತುಹೋಗಿತ್ತು. ಉಳಿದ ಮಕ್ಕಳೆಲ್ಲಿ ಎಂದು ಕೇಳಿದರೆ, ಮಳೆ ಕೈಕೊಟ್ಟಿದ್ದರಿಂದ ಕೆಲವು ಮನೆಗಳವರು ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋಗಿದ್ದರು, ಮಕ್ಕಳೂ ಜೊತೆಗೆ ಹೋಗಿದ್ದವು. ಒಂದು ವರ್ಷ ಮೊದಲು ಅವರೆಲ್ಲರೂ ಊರಿನಲ್ಲಿಯೇ ಇದ್ದರು.

ಆಮೇಲೆ ನನ್ನ ದೊಡ್ಡ ಕರೆಯ ಕಥೆಯನ್ನೂ ಕೇಳಿ. ತಂಗಿಯ ಮದುವೆಯಾಯಿತು, ಬಡ್ತಿಯೂ ಬಂತು, ಅರ್ಜಿ ಹಾಕಿದೆ. ಅಭ್ಯರ್ಥಿಗಳನ್ನು ಆಯ್ಕೆ ಮಾಡುವ ಸಮಿತಿಯ ಹಿರಿಯರು ನನ್ನ ಅನುಭವದ ಸಾಕ್ಷಿಯನ್ನೆಲ್ಲ ತಾಳ್ಮೆಯಿಂದ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದರು: ಈಗ ನಿಮ್ಮ ಸಭೆಯಲ್ಲಿ ಯಾವ ಕೆಲಸ ಮಾಡುತ್ತಿದ್ದೀರಿ? ನನ್ನ ಬಳಿ ಉತ್ತರವಿರಲಿಲ್ಲ. ಅವರು ನನ್ನನ್ನು ಆರಿಸಲಿಲ್ಲ, ಆರಿಸದೇ ಇದ್ದದ್ದು ಸರಿಯೇ ಆಗಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನೌಕರಿ ಬಿಡುವುದು ಅಥವಾ ಸಾಲ ತೀರುವವರೆಗೆ ಕಾಯುವುದು, ಈ ಎರಡರಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ. ಈ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತಡಮಾಡದೆ ಓಗೊಡುವುದಕ್ಕೂ ರಾಜೀನಾಮೆ ಬರೆಯುವುದಕ್ಕೂ ಸಂಬಂಧವೇ ಇಲ್ಲ. ಈ ತಿಂಗಳು ನಾವೆಲ್ಲರೂ ಓದುವ ಲೂಕನ ಎರಡನೆಯ ಅಧ್ಯಾಯವನ್ನು ಕೊನೆಯವರೆಗೂ ಓದಿ. ಕುರುಬರು ಬೆಳಗಾಗಲೆಂದು ಕಾಯದೆ ಅವಸರದಿಂದ ಬೇತ್ಲೆಹೇಮಿಗೆ ಹೋದದ್ದು ಎಲ್ಲರಿಗೂ ನೆನಪಿರುತ್ತದೆ, ಆದರೆ ಮಗುವನ್ನು ಕಂಡ ಮೇಲೆ ಅವರು ದೇವರನ್ನು ಕೊಂಡಾಡುತ್ತ ಹಿಂದಿರುಗಿದರೆಂದು ಇಪ್ಪತ್ತನೆಯ ವಚನ ಹೇಳುತ್ತದೆ. ಹಿಂದಿರುಗಿದ್ದು ಎಲ್ಲಿಗೆ? ಅದೇ ಹೊಲಕ್ಕೆ, ಅದೇ ಹಿಂಡಿಗೆ. ಅವರಿಗೆ ಹೇಳಿದ್ದು ಹೋಗಿ ನೋಡುವ ಒಂದು ರಾತ್ರಿಯ ಕೆಲಸ, ಅದನ್ನು ಅದೇ ರಾತ್ರಿ ಮಾಡಿದರು. ಯೋಸೇಫನದೂ ಹಾಗೆಯೇ. ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಐಗುಪ್ತಕ್ಕೆ ಓಡಿಹೋಗು ಎಂದು ಕನಸಿನಲ್ಲಿ ಕೇಳಿದವನು ಎದ್ದು ರಾತ್ರಿಯಲ್ಲೇ ಹೊರಟನೆಂದು ಮತ್ತಾಯನು ಬರೆಯುತ್ತಾನೆ, ಅವನು ಆಡಿದ ಒಂದು ಮಾತನ್ನೂ ದಾಖಲಿಸುವುದಿಲ್ಲ.

ಮತ್ತಾಯನ ಅದೇ ಅಧ್ಯಾಯದಲ್ಲಿ ನನ್ನಂಥವರೂ ಇದ್ದಾರೆ. ಕ್ರಿಸ್ತನು ಹುಟ್ಟುವುದೆಲ್ಲಿ ಎಂದು ಹೆರೋದ ರಾಜನು ಕೇಳಿದಾಗ ಮಹಾಯಾಜಕರೂ ಶಾಸ್ತ್ರಿಗಳೂ ಮೀಕನ ಪ್ರವಾದನೆಯನ್ನು ಉಲ್ಲೇಖಿಸಿ ಯೂದಾಯದ ಬೇತ್ಲೆಹೇಮಿನಲ್ಲಿ ಎಂದು ತಪ್ಪಿಲ್ಲದೆ ಉತ್ತರ ಕೊಟ್ಟರು. ಯೆರೂಸಲೇಮಿನಿಂದ ಬೇತ್ಲೆಹೇಮ್ ಹತ್ತು ಕಿಲೋಮೀಟರೂ ಇಲ್ಲ. ಮೂಡಣ ದೇಶದಿಂದ ಅಷ್ಟು ದೂರ ಬಂದ ಜೋಯಿಸರು ಆ ಉತ್ತರವನ್ನು ಹಿಡಿದು ಮುಂದಕ್ಕೆ ನಡೆದರು. ಉತ್ತರ ಕೊಟ್ಟವರಲ್ಲಿ ಒಬ್ಬನೂ ಜೊತೆಗೆ ಹೋದನೆಂದು ಬರೆದಿಲ್ಲ. ಕೈಸರೈಯದಲ್ಲಿದ್ದ ದೇಶಾಧಿಪತಿ ಫೇಲಿಕ್ಸನದಂತೂ ಇನ್ನೂ ನಾಜೂಕಾದ ದಾರಿ. ತನ್ನ ಸೆರೆಯಲ್ಲಿದ್ದ ಅಪೊಸ್ತಲ ಪೌಲನ ಮಾತು ಕೇಳಿ ನಡುಗಿದರೂ, ಸದ್ಯಕ್ಕೆ ಹೋಗು, ಸಮಯ ಸಿಕ್ಕಾಗ ನಿನ್ನನ್ನು ಕರೆಸುತ್ತೇನೆ ಎಂದ. ಲಂಚದ ಆಸೆಯಿಂದ ಆಮೇಲೆ ಬಾರಿ ಬಾರಿಗೂ ಕರೆಸಿ ಮಾತನಾಡಿದ. ಎರಡು ವರ್ಷ ಕಳೆದು ಅವನ ಅಧಿಕಾರ ಮುಗಿದಾಗ ಪೌಲನು ಇನ್ನೂ ಸೆರೆಯಲ್ಲೇ ಇದ್ದ.

ಗುರುತು ಕೇಳುವ ವಿಚಾರದಲ್ಲಿ ಎಲ್ಲರೂ ಗಿದ್ಯೋನನ ಉಣ್ಣೆಯನ್ನು ಎತ್ತುತ್ತಾರೆ, ನಿಮಗೂ ಯಾರೋ ಅದನ್ನೇ ಹೇಳಿರಬಹುದು. ಕಣದಲ್ಲಿ ಉಣ್ಣೆಯನ್ನು ಹಾಸಿ, ಮೊದಲ ರಾತ್ರಿ ಅದು ಮಾತ್ರ ಒದ್ದೆಯಾಗಲಿ, ಮರುರಾತ್ರಿ ಅದು ಮಾತ್ರ ಒಣಗಿರಲಿ ಎಂದು ಅವನು ಕೇಳಿದ್ದು ಇಸ್ರಾಯೇಲ್ಯರನ್ನು ರಕ್ಷಿಸು ಎಂಬ ದೇವರ ಅಪ್ಪಣೆ ಸಿಕ್ಕಿದ ಮೇಲೆ. ನೀನು ಹೇಳಿದಂತೆ ಎಂದು ಅವನೇ ತನ್ನ ಬಾಯಿಂದ ಒಪ್ಪಿಕೊಳ್ಳುತ್ತಾನೆ. ದೇವರು ಅವನ ಅಂಜುಬುರುಕುತನವನ್ನು ಸಹಿಸಿಕೊಂಡದ್ದನ್ನು ನಾವು ಅನುಸರಿಸಬೇಕಾದ ವಿಧಾನವೆಂದು ತಿಳಿಯಬಾರದು. ನನ್ನ ಮನಸ್ಸಿಗೆ ಹಿಡಿಸುವವನು ಶೀಲೋವಿನ ಬಾಲಕ ಸಮುವೇಲ. ರಾತ್ರಿಯಲ್ಲಿ ಕರೆ ಕೇಳಿದಾಗಲೆಲ್ಲ ಎದ್ದು ಯಾಜಕ ಏಲಿಯ ಬಳಿಗೆ ಹೋದ, ಮೂರು ಸಲವೂ ಹೋದದ್ದು ತಪ್ಪು ಜಾಗಕ್ಕೆ. ಅದಕ್ಕಾಗಿ ದೇವರು ಅವನನ್ನು ಗದರಿಸಲಿಲ್ಲ, ನಾಲ್ಕನೆಯ ಸಲ ಮತ್ತೆ ಕರೆದ. ಎದ್ದು ಹೋದದ್ದರಿಂದಲೇ ಕರೆಯುವವನು ಯಾರೆಂದು ಏಲಿಯ ಬಾಯಿಂದ ಅವನಿಗೆ ತಿಳಿಯಿತು, ಮಲಗಿಕೊಂಡೇ ಯೋಚಿಸಿದ್ದರೆ ತಿಳಿಯುತ್ತಿರಲಿಲ್ಲ.

ಮೀನುಗಾರರಾದ ಪೇತ್ರ ಮತ್ತು ಅಂದ್ರೆಯರು ಯೇಸು ಕರೆದ ಕೂಡಲೇ ಬಲೆ ಬಿಟ್ಟು ಹೋಗಲಿಲ್ಲವೇ ಎಂದು ನೀವು ಕೇಳಬಹುದು. ಹೋದರು, ನಿಜ. ಆದರೆ ಯೋಹಾನನ ಮೊದಲನೆಯ ಅಧ್ಯಾಯದಂತೆ ಅಂದ್ರೆಯನು ಯೇಸುವನ್ನು ಕಂಡೊಡನೆ ಮಾಡಿದ ಮೊದಲ ಕೆಲಸವೆಂದರೆ ಅಣ್ಣ ಪೇತ್ರನನ್ನು ಹುಡುಕಿ ಕರೆತಂದದ್ದು. ಆಗ ಬಲೆಯ ಮಾತೇ ಬಂದಿರಲಿಲ್ಲ. ನಿಮಗೂ ನಿಮ್ಮ ಬಲೆಯನ್ನು ಬಿಡುವ ದಿನ ಬರಬಾರದೆಂದೇನೂ ಇಲ್ಲ, ಆದರೆ ಅಣ್ಣನನ್ನು ಕರೆತರಲು ಮನಸ್ಸಿಲ್ಲದವನು ಬಲೆಯ ವಿಷಯವಾಗಿ ಉಪವಾಸ ಪ್ರಾರ್ಥನೆ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ.

ಸಾಲವನ್ನು ಕಟ್ಟಿ. ತಾಯಿಯನ್ನು ನೋಡಿಕೊಳ್ಳಿ. ನನ್ನಿಂದ ನಿಮಗೆ ಸಿಗತಕ್ಕದ್ದು ದೇವರಿಗೆ ಕೊರ್ಬಾನ್, ಅಂದರೆ ಕಾಣಿಕೆ, ಆಯಿತು ಎಂದು ಹೇಳಿ ತಂದೆತಾಯಿಗಳ ಪಾಲನ್ನು ತಪ್ಪಿಸುವವರನ್ನು ಯೇಸು ಎಷ್ಟು ಕಟುವಾಗಿ ಖಂಡಿಸಿದನೆಂದು ಮಾರ್ಕನ ಏಳನೆಯ ಅಧ್ಯಾಯದಲ್ಲಿದೆ. ಕಂತು ಕಟ್ಟುವುದನ್ನು ನಿಲ್ಲಿಸಿ ಸೆಮಿನರಿಗೆ ಹೋಗುವುದನ್ನು ನಾನು ವಿಶ್ವಾಸವೆಂದು ಕರೆಯುವುದಿಲ್ಲ. ಆದರೆ ಶನಿವಾರದ ಆಸ್ಪತ್ರೆ ಭೇಟಿಗೂ ಮನೆಸಾಲಕ್ಕೂ ಏನು ಸಂಬಂಧ? ಅದಕ್ಕೆ ಸಾಲ ತೀರಬೇಕಿಲ್ಲ, ಪದವಿ ಬೇಕಿಲ್ಲ, ಉಣ್ಣೆ ಹಾಸಬೇಕಿಲ್ಲ. ದೇವರು ಕರೆದಿದ್ದಾನೋ ಇಲ್ಲವೋ ಎಂದು ಕೇಳುತ್ತಿದ್ದೀರಿ, ಆ ಹಿರಿಯರಂತೂ ನಿಮ್ಮನ್ನು ಹೆಸರು ಹಿಡಿದು ಕರೆದಾಗಿದೆ.

ನನ್ನ ವಿಷಯ ಕೇಳುವುದಾದರೆ, ಸಮಿತಿಯ ಮುಂದೆ ಬಾಯಿ ಕಟ್ಟಿದ ನಂತರ ಆ ಹಳ್ಳಿಗೆ ಹೋಗತೊಡಗಿದೆ, ಈಗಲೂ ಹೋಗುತ್ತಿದ್ದೇನೆ. ಬಸ್ಸು ತಡವಾಗುತ್ತದೆ, ಸುಗ್ಗಿಯ ಕಾಲದಲ್ಲಿ ಮಕ್ಕಳು ಬರುವುದಿಲ್ಲ, ಪಾಠ ಹೇಳುವಾಗ ನನಗೇ ಆಕಳಿಕೆ ಬರುವ ಸಂಜೆಗಳೂ ಇವೆ. ದೇವದೂತನ ಮಾತು ಹೇಳಿದ ಹುಡುಗಿಯ ಮನೆಯವರೂ ನಾನು ಶುರುಮಾಡುವ ಹೊತ್ತಿಗೆ ಗೋವಾಕ್ಕೆ ಹೋಗಿಬಿಟ್ಟಿದ್ದರು.

ಆ ಹಿರಿಯರಿಗೆ ಇವತ್ತೇ ಫೋನ್ ಮಾಡಿ, ಶನಿವಾರ ಎಷ್ಟು ಗಂಟೆಗೆ ಎಲ್ಲಿ ನಿಲ್ಲಬೇಕೆಂದು ಕೇಳಿಕೊಳ್ಳಿ. ಕ್ರಿಸ್ಮಸ್ ಹತ್ತಿರ ಬಂದಾಗ ವಾರ್ಡಿನಲ್ಲಿ ಉಳಿಯುವವರು ಮನೆಗೆ ಕಳುಹಿಸಲಾಗದಷ್ಟು ಕಾಯಿಲೆಯಾದವರು ಮತ್ತು ಕರೆದೊಯ್ಯುವವರಿಲ್ಲದವರು, ಹಾಗಾಗಿ ಅಲ್ಲಿ ಉದ್ದುದ್ದ ಪ್ರಾರ್ಥನೆ ಮಾಡಲು ಹೋಗಬೇಡಿ, ಕುಳಿತು ಅವರ ಮಾತನ್ನು ಕೇಳಿ. ಥಿಯಾಲಜಿಗೆ ಅರ್ಜಿ ಹಾಕುವ ವಿಷಯವನ್ನು ಬೇಕಿದ್ದರೆ ಮುಂದಿನ ಆಗಮನ ಕಾಲದಲ್ಲಿ ಮತ್ತೆ ಕೇಳಿ, ಆಗ ಗೊತ್ತಿದ್ದಷ್ಟನ್ನು ಹೇಳುತ್ತೇನೆ, ಆದರೆ ಅದಕ್ಕೂ ಮೊದಲು ಆ ಸಮಿತಿಯವರು ನನ್ನನ್ನು ಕೇಳಿದ್ದನ್ನೇ ನಾನು ನಿಮ್ಮನ್ನು ಕೇಳುವವನಿದ್ದೇನೆ.