ಥಾಯ್ ಮಸಾಜ್‌ಗೆ ಯಾವ ಹೊತ್ತು ಸರಿ?

ಪ್ರಶ್ನೆ: ನನ್ನದು ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಭಾನುವಾರ ಬೆಳಿಗ್ಗೆ ಹತ್ತು ಕಿಲೋಮೀಟರ್ ಓಡುತ್ತೇನೆ. ಕಳೆದ ಸಲ ಊಟ ಮುಗಿಸಿ ನೇರವಾಗಿ ಥಾಯ್ ಮಸಾಜ್‌ಗೆ ಹೋದೆ, ಅರ್ಧದಲ್ಲೇ ಹೊಟ್ಟೆ ತೊಳಸಿತು. ಮರುದಿನ ಮೈಕೈ ನೋವು ಬೇರೆ. ಯಾವಾಗ ಹೋಗಬೇಕು? ಓಡುವ ಮುಂಚೆಯೋ, ಆಮೇಲೋ?

ಉತ್ತರ: ತೊಳಸದೆ ಇನ್ನೇನು! ಇದು ಎಣ್ಣೆ ಹಚ್ಚಿ ಮೆಲ್ಲಗೆ ನೀವುವ ಮಸಾಜ್ ಅಲ್ಲ. ಸಡಿಲ ಬಟ್ಟೆಯಲ್ಲೇ ನೆಲದ ಹಾಸಿನ ಮೇಲೆ ಮಲಗಿಸಿ ಹೆಬ್ಬೆರಳು, ಮೊಣಕೈ, ಮಂಡಿ, ಪಾದಗಳಿಂದ ಒತ್ತುತ್ತಾರೆ, ಕಾಲು ಮಡಿಸಿ ಎದೆಗೆ ತರುತ್ತಾರೆ, ಸೊಂಟ ತಿರುಗಿಸುತ್ತಾರೆ. ಹೊಟ್ಟೆ ತುಂಬಾ ಉಂಡು ಯೋಗಾಸನ ಮಾಡಿದ ಹಾಗಾಯಿತು ಅಲ್ವಾ? ಊಟವಾಗಿ ಎರಡು ಗಂಟೆ ಬಿಟ್ಟು ಹೋಗಿ. ತೀರಾ ಹಸಿದೂ ಹೋಗಬೇಡಿ, ಎದ್ದಾಗ ತಲೆ ಸುತ್ತಬಹುದು. ಕುಡಿದಂತೂ ಬೇಡವೇ ಬೇಡ.

ಬೆಳಿಗ್ಗೆಯೋ ಸಂಜೆಯೋ ಅನ್ನುವುದಕ್ಕಿಂತ, ಮುಗಿದ ಮೇಲೆ ನಿಮಗೆ ಏನು ಕೆಲಸ ಇದೆ ಅನ್ನುವುದೇ ಮುಖ್ಯ. ಮಸಾಜ್ ಆದ ಮೇಲೆ ಮೈ ಸಡಿಲವಾಗಿ ಕಣ್ಣು ಎಳೆಯುತ್ತದೆ, ಆಗ ಹೋಗಿ ಮೀಟಿಂಗ್‌ನಲ್ಲಿ ಕೂತರೆ ಸಿಕ್ಕಿದ ಸುಖವೆಲ್ಲ ಅಲ್ಲೇ ಹೋಯಿತು. ನಿಮ್ಮಂಥವರಿಗೆ ನಾನು ಸಂಜೆಯನ್ನೇ ಹೇಳುತ್ತೇನೆ. ಬೆಳಿಗ್ಗೆ ಎದ್ದಾಗ ಇರುವ ಬಿಗಿತ ಅಷ್ಟು ಹೊತ್ತಿಗೆ ಇಳಿದಿರುತ್ತದೆ, ಮನೆಗೆ ಹೋಗಿ ಸುಮ್ನೆ ಮಲಗಬಹುದು. ಊಟದ ಬಿಡುವಿನಲ್ಲಿ ಅರ್ಧ ಗಂಟೆ ಗಿಟ್ಟಿಸಿಕೊಂಡು ಹೋಗುವುದು ನನಗೆ ಇಷ್ಟವಿಲ್ಲ. ಈ ಮಸಾಜ್‌ಗೆ ಒಂದರಿಂದ ಎರಡು ಗಂಟೆ ಬೇಕು.

ಇನ್ನು ಓಟ. ಶನಿವಾರ ಹೋಗಬೇಡಿ. ಜೋರಾಗಿ ಒತ್ತಿಸಿಕೊಂಡ ಸ್ನಾಯು ಒಂದೆರಡು ದಿನ ನೋಯುವುದುಂಟು, ನಿಮಗೆ ಆಗಿದ್ದೂ ಅದೇ. ಬುಧವಾರ ಅಥವಾ ಗುರುವಾರ ಸಂಜೆ ಇಟ್ಟುಕೊಳ್ಳಿ. ಓಡಿದ ಮೇಲೆಯೇ ಬೇಕು ಅನಿಸಿದರೆ ಮೈ ತಣಿದು, ನೀರು ಕುಡಿದು, ಸಂಜೆ ಹೋಗಿ, ಒತ್ತಡ ಕಡಿಮೆ ಇರಲಿ ಅಂತ ಮೊದಲೇ ಹೇಳಿ. ನೋವು ಸ್ವಲ್ಪ ತಗ್ಗಬಹುದು, ಆದರೆ ಓಟದ ವೇಗ ಜಾಸ್ತಿ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಜ್ವರ ಇದ್ದಾಗ, ಉಳುಕಿ ಊದಿಕೊಂಡಾಗ ಮುಂದೂಡಿ. ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಮೂಳೆ ಸವೆತ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲು ಡಾಕ್ಟರನ್ನು ಕೇಳಿ. ದೂರದ ವಿಮಾನ ಪ್ರಯಾಣದ ನಂತರ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ಒತ್ತಿಸಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.