ಬಾಲದಿಂದ ಆರಂಭವಾಗಬೇಕಿದ್ದ ಬರಹ

ಪ್ರಿಯ ಲೇಖಕರಿಗೆ ನಮಸ್ಕಾರ.

ನೀವು ಕಳುಹಿಸಿದ ‘ಅಂಗಳದ ರಾಕ್ಷಸಿ’ ಎಂಬ ಪ್ರಬಂಧವನ್ನು ಎರಡು ಬಾರಿ ಓದಿದೆ. ಮಲೆನಾಡಿನ ನಿಮ್ಮ ಮನೆಯ ಹಿತ್ತಲಿನಲ್ಲಿ ಕೆಂಪಿ ಎಂಬ ಹೇಂಟೆ ಒಂದೇ ಬೆಳಿಗ್ಗೆ ಹಾವುರಾಣಿಯೊಂದನ್ನು ಅಟ್ಟಿಸಿಕೊಂಡು ಹೋದದ್ದು, ಕಪ್ಪೆಯೊಂದನ್ನು ಕೊಂದದ್ದು, ಹುಲ್ಲಿನ ಬಣವೆಯ ಬುಡದಲ್ಲಿದ್ದ ಇಲಿಮರಿಗಳನ್ನು ನುಂಗಿದ್ದು, ಅದನ್ನೆಲ್ಲ ಕಂಡು ಕೋಳಿಯ ಮೇಲೆ ನಿಮಗಿದ್ದ ಮಮತೆ ಮುರಿದುಬಿದ್ದದ್ದು, ಕೊನೆಗೆ ಮನುಷ್ಯನ ಕ್ರೌರ್ಯವನ್ನು ಕುರಿತ ಒಂದೂವರೆ ಪುಟದ ಚಿಂತನೆ, ಇಷ್ಟು ಅದರಲ್ಲಿದೆ. ಈಗಿರುವ ರೂಪದಲ್ಲಿ ಇದನ್ನು ನಾವು ಪ್ರಕಟಿಸಲಾರೆವು. ಒಂದು ಸಾಲಿನ ಉತ್ತರ ಬರೆದು ನಿಮ್ಮನ್ನು ಕಳುಹಿಸಿಬಿಡಬಹುದಿತ್ತು; ಹಾಗೆ ಮಾಡಲು ಮನಸ್ಸಾಗಲಿಲ್ಲ, ಏಕೆಂದರೆ ನಿಮ್ಮ ಆರನೆಯ ಪುಟದಲ್ಲಿ ಒಂದು ವಾಕ್ಯವಿದೆ.

ಆ ವಾಕ್ಯ ಇದು: ‘ಕೆಂಪಿಯ ಕೊಕ್ಕಿಗೆ ಬಾಲ ಮಾತ್ರ ಸಿಕ್ಕಿತು, ಹಾವುರಾಣಿ ಕಲ್ಲಿನ ಸಂದಿಗೆ ಸೇರಿಕೊಂಡ ಮೇಲೂ ಬಾಲ ನೆಲದ ಮೇಲೆ ಒಂದೇ ಸಮನೆ ಕುಣಿಯುತ್ತಿತ್ತು.’ ಇದನ್ನು ಕಣ್ಣಾರೆ ಕಂಡವರಲ್ಲದೆ ಬೇರೆಯವರು ಬರೆಯುವುದು ಕಷ್ಟ. ಹಾವುರಾಣಿ ಅಪಾಯದಲ್ಲಿ ತನ್ನ ಬಾಲವನ್ನು ತಾನೇ ಕಳಚಿಕೊಳ್ಳುತ್ತದೆ. ಬಾಲದ ಮೂಳೆಗಳಲ್ಲಿ ಅದಕ್ಕೆಂದೇ ಸುಲಭವಾಗಿ ಮುರಿಯುವ ಜಾಗಗಳಿರುತ್ತವೆ, ಕಳಚಿದ ಬಾಲದ ಸ್ನಾಯುಗಳು ಸ್ವಲ್ಪ ಹೊತ್ತು ತಾವಾಗಿಯೇ ಸೆಳೆದುಕೊಳ್ಳುತ್ತ ಹೊರಳಾಡುತ್ತವೆ, ಬೇಟೆಗೆ ಬಂದ ಪ್ರಾಣಿಯ ಕಣ್ಣು ಆ ಚಲನೆಗೆ ಸಿಕ್ಕಿಕೊಂಡಿರುವಾಗ ಹಾವುರಾಣಿ ಪಾರಾಗುತ್ತದೆ. ನೀವು ಅದೇ ಕ್ಷಣವನ್ನು ನೋಡಿದ್ದೀರಿ. ಅಷ್ಟು ನೋಡಿದ ಮೇಲೆ ಮುಂದಿನ ವಾಕ್ಯದಲ್ಲಿಯೇ ಕಣ್ಣನ್ನು ಬೇರೆಡೆಗೆ ತಿರುಗಿಸಿ ‘ಆ ದೃಶ್ಯ ನನ್ನ ಅಂತರಂಗವನ್ನು ಕಲಕಿತು’ ಎಂದು ಬರೆದಿದ್ದೀರಿ. ಆಮೇಲೆ ಆ ಬಾಲ ಏನಾಯಿತು? ಕೆಂಪಿ ಅದನ್ನು ನುಂಗಿತೇ, ಬೇರೆ ಕೋಳಿ ಬಂದು ಕಸಿದುಕೊಂಡಿತೇ? ಓದುಗನಾಗಿ ನನಗೆ ಬೇಕಿದ್ದದ್ದು ಅದು.

ನಿಮ್ಮ ಬರಹದ ಮೂಲ ತೊಂದರೆ ಅದರ ತಿರುವಿನಲ್ಲಿದೆ. ಕಾಳು ತಿಂದುಕೊಂಡಿರುವ ಸಾಧು ಹಕ್ಕಿಯೊಂದು ಹಠಾತ್ತನೆ ಮಾಂಸಕ್ಕೆ ಬಿದ್ದಿತೆಂಬ ಆಘಾತದ ಮೇಲೆ ನೀವು ಇಡೀ ಪ್ರಬಂಧವನ್ನು ಕಟ್ಟಿದ್ದೀರಿ. ಆದರೆ ಕೋಳಿ ಯಾವ ಕಾಲದಲ್ಲೂ ಸಸ್ಯಾಹಾರಿಯಾಗಿರಲಿಲ್ಲ. ಅದರ ಮೂಲವಾದ ಕೆಂಪು ಕಾಡುಕೋಳಿ ಬಿದಿರಕ್ಕಿ, ಹಣ್ಣು, ಚಿಗುರುಗಳ ಜೊತೆಗೆ ಗೆದ್ದಲು, ಇರುವೆ, ಜೀರುಂಡೆ, ಹುಳುಗಳನ್ನು ಕೆದಕಿ ತಿನ್ನುವ ಪ್ರಾಣಿ. ಸಿಕ್ಕಿದರೆ ಸಣ್ಣ ಹಲ್ಲಿಯನ್ನೂ ಬಿಡುವುದಿಲ್ಲ. ಗೂಡಿನಿಂದ ಹೊರಬಿಟ್ಟ ನಾಟಿ ಕೋಳಿ ದಿನವಿಡೀ ದರಗೆಲೆಯನ್ನು ಕೆದರುತ್ತ ನಡೆಯುವುದು ಈ ಆಹಾರಕ್ಕಾಗಿಯೇ. ನಾವು ಎರಚುವ ನುಚ್ಚಿನಲ್ಲಿ ಪಿಷ್ಟ ಹೆಚ್ಚು, ಸಸಾರಜನಕ ಕಡಿಮೆ. ಬೆಳೆಯುವ ಮರಿಗೆ, ಮೊಟ್ಟೆಯಿಡುವ ಹೇಂಟೆಗೆ ಆ ಕೊರತೆಯನ್ನು ತುಂಬಿಕೊಡುವುದು ಎರೆಹುಳು, ಮಿಡತೆ, ಗೆದ್ದಲುಗಳೇ. ನಿಮ್ಮ ತಾಯಿಗೆ ಇದು ಗೊತ್ತಿತ್ತು. ‘ಹುಳ ಸಿಕ್ಕಿದ ದಿನ ನುಚ್ಚು ಅಷ್ಟಾಗಿ ಮುಟ್ಟಲ್ಲ ಅವು, ಕಮ್ಮಿ ಹಾಕು’ ಎಂದು ಅವರು ಹೇಳಿದ ಮಾತನ್ನು ನೀವೇ ದಾಖಲಿಸಿದ್ದೀರಿ. ಪ್ರಬಂಧದ ಅತ್ಯಂತ ತಿಳಿವಳಿಕೆಯ ಮಾತು ಅದು. ಅದನ್ನು ಹಳ್ಳಿಯ ಮುಗ್ಧತೆಯೆಂದು ವಿವರಿಸಿ ಮುಂದೆ ಹೋಗಿದ್ದೀರಿ, ಇದು ನನಗೆ ನಿಜಕ್ಕೂ ನೋವು ತಂದಿತು. ಹೊಸ ಬರಹದಲ್ಲಿ ದಯವಿಟ್ಟು ತಾಯಿಯನ್ನು ತಿಳಿದವರ ಸ್ಥಾನದಲ್ಲಿ ಕೂರಿಸಿ, ಅವರಿಂದ ಇನ್ನಷ್ಟು ಕೇಳಿ ಬರೆದುಕೊಳ್ಳಿ.

‘ರಾಕ್ಷಸಿ’, ‘ಕೊಲೆಗಾರ್ತಿ’, ‘ರಕ್ತಪಿಪಾಸು’ ಎಂಬ ಪದಗಳು ನಿಮ್ಮ ಬರಹದಲ್ಲಿ ಒಟ್ಟು ಹದಿನಾಲ್ಕು ಸಲ ಬಂದಿವೆ. ಅವುಗಳಿಂದಾಗಿ ಕೋಳಿಯೇ ಕಾಣದಂತಾಗಿದೆ. ಕಪ್ಪೆಯನ್ನು ಕೆಂಪಿ ‘ಹಲ್ಲಿನಿಂದ ಸಿಗಿದು ಅಗಿದು ತಿಂದಿತು’ ಎಂದಿದ್ದೀರಿ. ಕೋಳಿಗೆ ಹಲ್ಲಿಲ್ಲ, ಅಗಿಯುವುದೂ ಇಲ್ಲ. ಸಣ್ಣದಾದರೆ ಇಡಿಯಾಗಿ ನುಂಗುತ್ತದೆ. ದೊಡ್ಡದಾದರೆ ಕೊಕ್ಕಿನಲ್ಲಿ ಹಿಡಿದು ಕೊಡವುತ್ತದೆ, ನೆಲಕ್ಕೆ ಬಡಿಯುತ್ತದೆ, ಕೆಳಗಿಟ್ಟು ಕುಕ್ಕುತ್ತದೆ, ಮತ್ತೆ ಎತ್ತಿಕೊಳ್ಳುತ್ತದೆ, ಪ್ರಾಣಿ ಮೆತ್ತಗಾದ ಮೇಲೆ ಗಂಟಲಿಗೆ ಇಳಿಯುವಂತೆ ತಿರುಗಿಸಿಕೊಂಡು ಕತ್ತನ್ನು ಮುಂದಕ್ಕೆ ಚಾಚಿ ಚಾಚಿ ಒಳಗೆ ತೆಗೆದುಕೊಳ್ಳುತ್ತದೆ. ನುಂಗಿದ್ದು ಮೊದಲು ಕತ್ತಿನ ಬುಡದ ಚೀಲದಲ್ಲಿ ತಂಗುತ್ತದೆ, ಆಮೇಲೆ ದಪ್ಪ ಸ್ನಾಯುವಿನ ಹೊಟ್ಟೆಯೊಳಗೆ ಕೋಳಿ ಆಗಾಗ ನುಂಗಿಟ್ಟುಕೊಂಡ ಹರಳುಗಳ ನಡುವೆ ಅರೆಯಲ್ಪಡುತ್ತದೆ. ಅಗಿಯುವ ಕೆಲಸವನ್ನು ಅಲ್ಲಿ ಕಲ್ಲು ಮಾಡುತ್ತದೆ. ಈ ವಿವರಗಳಲ್ಲಿ ಒಂದನ್ನಾದರೂ ನೀವು ನೋಡಿದಂತೆ ಬರೆದಿದ್ದರೆ ಅರ್ಧ ಪುಟದಷ್ಟು ಚೆಲ್ಲಿರುವ ಕರುಳು, ನೆತ್ತರುಗಳ ವರ್ಣನೆ ಬೇಕಾಗುತ್ತಿರಲಿಲ್ಲ. ನೆತ್ತರನ್ನು ಬರೆಯಬಾರದೆಂಬ ಮಡಿ ನನಗಿಲ್ಲ; ಬರೆದ ನೆತ್ತರು ಕಂಡ ನೆತ್ತರಾಗಿರಬೇಕೆಂಬುದಷ್ಟೇ ನನ್ನ ಬೇಡಿಕೆ.

ಹಾಗೆಯೇ ‘ಹದ್ದಿನ ಕಣ್ಣು’ ಎಂಬ ಸವಕಲು ಹೋಲಿಕೆ. ಕೋಳಿಗೆ ಕೋಳಿಯ ಕಣ್ಣೇ ಇದೆ, ಅದನ್ನು ಹೇಳಿದರೆ ಸಾಕು. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ಸಂಶಯದ ವಸ್ತುವನ್ನು ಮೊದಲು ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ನೋಡುತ್ತದೆ. ನಾವು ಕಾಣಲಾರದ ಅತಿನೇರಳೆ ಬೆಳಕೂ ಅದಕ್ಕೆ ಕಾಣುತ್ತದೆ. ಇನ್ನೊಂದು ಸಂಗತಿಯಿದೆ, ಅದನ್ನು ನೀವು ಹಿತ್ತಲಿನಲ್ಲಿಯೇ ಗಮನಿಸಬಹುದು. ಮೊಟ್ಟೆಯೊಡೆಯುವ ಮೊದಲಿನ ದಿನಗಳಲ್ಲಿ ಒಳಗಿರುವ ಮರಿಯ ಬಲಗಣ್ಣು ಚಿಪ್ಪಿನ ಕಡೆಗೂ ಎಡಗಣ್ಣು ಮೈಯ ಕಡೆಗೂ ತಿರುಗಿರುತ್ತವೆ, ಆದ್ದರಿಂದ ಚಿಪ್ಪನ್ನು ದಾಟಿ ಬರುವ ಬೆಳಕು ಬಲಗಣ್ಣಿಗೆ ಹೆಚ್ಚು ತಗಲುತ್ತದೆ. ಹಾಗೆ ಬೆಳಕು ಕಂಡು ಹುಟ್ಟಿದ ಮರಿಗಳು ಹರಳುಗಳ ನಡುವಿನ ಕಾಳನ್ನು ಹುಡುಕಲು ಬಲಗಣ್ಣನ್ನು, ಆಕಾಶದಿಂದೆರಗುವ ಗಿಡುಗವನ್ನು ಕಾಯಲು ಎಡಗಣ್ಣನ್ನು ಹೆಚ್ಚಾಗಿ ಬಳಸುತ್ತವೆಂದು ಪ್ರಯೋಗಗಳು ತೋರಿಸಿವೆ. ಇಲಿಮರಿಗಳ ಮುಂದೆ ನಿಂತ ಕೆಂಪಿ ಯಾವ ಕಡೆಗೆ ತಲೆ ಓರೆ ಮಾಡಿತ್ತು? ನಿಮಗೆ ನೆನಪಿದ್ದರೆ ಬರೆಯಿರಿ, ನೆನಪಿಲ್ಲದಿದ್ದರೆ ಊಹಿಸಿ ಬರೆಯಬೇಡಿ, ನಾಳೆ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು ಪಕ್ಕದಲ್ಲಿ ಕುಳಿತು ನೋಡಿ.

ಊಹಿಸಿ ಬರೆದಿದ್ದೀರೆಂಬ ಅನುಮಾನ ನನಗೆ ಒಂದು ಕಡೆ ಬಲವಾಗಿ ಬಂತು. ಮೊದಲ ಪುಟದಲ್ಲಿ ಜಡಿಮಳೆ ಸುರಿಯುತ್ತಿದೆ. ಮೂರನೆಯ ಪುಟದಲ್ಲಿ ಅದೇ ಬೆಳಿಗ್ಗೆ ಹಾವುರಾಣಿ ಕಲ್ಲಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದೆ. ಎಷ್ಟೋ ದಿನಗಳಲ್ಲಿ ಕಂಡದ್ದನ್ನು ಒಂದೇ ಬೆಳಿಗ್ಗೆಗೆ ತುರುಕಿದ್ದೀರಿ ಎಂದು ಕಾಣುತ್ತದೆ. ಹಿತ್ತಲಿನ ಬೇಟೆ ಋತುವಿನೊಂದಿಗೆ ಬದಲಾಗುತ್ತದೆ ಎಂಬುದೇ ಈ ವಸ್ತುವಿನ ಸೊಗಸು: ಮುಂಗಾರಿನ ಮೊದಲ ಮಳೆಯಾದ ಸಂಜೆ ನೆಲದಿಂದೇಳುವ ರೆಕ್ಕೆಗೆದ್ದಲಿಗೆ ಕೋಳಿಗಳು ಮುಗಿಬೀಳುತ್ತವೆ, ಮಳೆಗಾಲದಲ್ಲಿ ಎರೆಹುಳು ಮತ್ತು ಕಪ್ಪೆ, ಮಳೆ ನಿಂತ ಮೇಲೆ ಮಿಡತೆ, ಚಳಿಗಾಲದ ಎಳೆಬಿಸಿಲಿಗೆ ಹೊರಬರುವ ಹಾವುರಾಣಿ, ಬಣವೆಯ ಹುಲ್ಲು ಕರಗಿ ಬುಡ ಬಿಚ್ಚಿದಾಗ ಇಲಿಗೂಡು. ಬಣವೆಯ ಬುಡ ಎತ್ತಿದ ದಿನ ನಮ್ಮ ಹಳೆಯ ಮನೆಯಲ್ಲಿ ಕೋಳಿಗಳು ಆಳುಗಳ ಕಾಲಿನ ಸುತ್ತಲೇ ಕಾದು ನಿಂತಿರುತ್ತಿದ್ದವು. ಗುದ್ದಲಿಯ ಸದ್ದು ಕೇಳಿಯೇ ಬರುತ್ತಿದ್ದ ಆ ಕೋಳಿಗಳ ನಡಿಗೆ ಈಗಲೂ ನನ್ನ ಕಣ್ಣ ಮುಂದಿದೆ. ಒಂದು ದಿನದ ನಾಟಕಕ್ಕಿಂತ ಒಂದು ವರ್ಷದ ಹಿತ್ತಲು ನಿಮ್ಮ ಬರಹಕ್ಕೆ ಹೆಚ್ಚು ಹೊಂದುತ್ತದೆ.

ಪ್ರಬಂಧದ ತಲೆಯ ಮೇಲೆ ನೀವು ಬಸವಣ್ಣನವರ ವಚನವನ್ನು ಇಟ್ಟಿದ್ದೀರಿ, ಕೋಳಿ ಒಂದು ಕುಟುಕು ಕಂಡರೆ ತನ್ನ ಕುಲವನ್ನೆಲ್ಲ ಕೂಗಿ ಕರೆಯುತ್ತದೆ ಎಂಬ ಮಾತುಳ್ಳದ್ದು. ಅಲಂಕಾರಕ್ಕೆಂದು ಇಟ್ಟು ಮರೆತಿದ್ದೀರಿ, ಆದರೆ ನಿಮ್ಮ ಕೈಯಲ್ಲಿದ್ದ ಅತಿ ಬೆಲೆಯುಳ್ಳ ಪ್ರಶ್ನೆ ಅಲ್ಲಿಯೇ ಇತ್ತು. ವಚನದ ಗಮನಿಕೆ ನಿಜವಾದದ್ದು: ಮರಿಗಳಿರುವ ತಾಯಿಕೋಳಿ ಹುಳು ಕಂಡರೆ ಬಿಟ್ಟು ಬಿಟ್ಟು ಕೊಕ್‌ಕೊಕ್ ಎನ್ನುತ್ತ ಅದನ್ನು ಎತ್ತಿ ಹಾಕಿ ತೋರಿಸುತ್ತದೆ, ಹುಂಜವೂ ಹೇಂಟೆಗಳನ್ನು ಹಾಗೆಯೇ ಕರೆಯುತ್ತದೆ. ಆದರೆ ಮರಿಗಳಿಲ್ಲದ ಹೇಂಟೆಗೆ ಕಪ್ಪೆ ಸಿಕ್ಕಿದಾಗ ನೀವೇ ಕಂಡದ್ದೇನು? ಕೆಂಪಿ ಯಾರನ್ನೂ ಕರೆಯಲಿಲ್ಲ, ಕಪ್ಪೆಯನ್ನು ಕಚ್ಚಿಕೊಂಡು ಬಾಳೆಗಿಡಗಳ ಸಂದಿನಲ್ಲಿ ಓಡಿತು, ಉಳಿದ ನಾಲ್ಕೂ ಅದರ ಬೆನ್ನು ಹತ್ತಿದವು. ಇದಕ್ಕೆ ಕಾರಣ ಸರಳವಾಗಿದೆ. ಕಾಳನ್ನು ಕುಕ್ಕಿದ ಕೂಡಲೇ ನುಂಗಬಹುದು, ಅದಕ್ಕಾಗಿ ಓಡುವ ಅಗತ್ಯವಿಲ್ಲ. ಒಂದೇ ಗುಟುಕಿಗೆ ಇಳಿಯದ ಬೇಟೆ ಕೊಕ್ಕಿನಿಂದ ಹೊರಗೆ ಎಲ್ಲರಿಗೂ ಕಾಣುವಂತೆ ತೂಗುತ್ತಿರುತ್ತದೆ, ನಿಂತರೆ ಉಳಿದ ಕೋಳಿಗಳು ಕಸಿದುಕೊಳ್ಳುತ್ತವೆ. ಹುಟ್ಟಿ ಕೆಲವೇ ದಿನಗಳಾದ ಮರಿಯೂ ಉದ್ದನೆಯ ಹುಳು ಸಿಕ್ಕಿದರೆ ಹೀಗೆಯೇ ಓಡುತ್ತದೆ. ಕರೆಯುವ ಕೋಳಿ, ಕರೆಯದೆ ಓಡುವ ಕೋಳಿ, ಎರಡೂ ಒಂದೇ ಅಂಗಳದಲ್ಲಿವೆ. ಈ ಎರಡರ ನಡುವೆ ನಿಮ್ಮ ಪ್ರಬಂಧ ನಡೆಯಲಿ.

ಕೆಂಪಿಯನ್ನು ಡೈನೋಸಾರಿನ ಕುಡಿಯೆಂದು ಕರೆದ ಪ್ಯಾರಾವನ್ನು ತೆಗೆಯಿರಿ. ಹಕ್ಕಿಗಳೆಲ್ಲವೂ ಡೈನೋಸಾರಿನ ಒಂದು ಕವಲಿನಿಂದ ಬಂದವು. ಆ ನಂಟಿನಲ್ಲಿ ಕೋಳಿಗೆ ಗುಬ್ಬಚ್ಚಿಗಿಂತ ಹೆಚ್ಚಿನ ಹಕ್ಕೇನೂ ಇಲ್ಲ. ಕೆಂಪಿಯೊಳಗೆ ಕಾಡಿದೆ ಎಂದು ಹೇಳಲೇಬೇಕಿದ್ದರೆ ಅದರ ಹಳದಿ ಕಾಲನ್ನು ನೋಡಿ. ಸಾಕುಕೋಳಿಯ ಹಳದಿ ಚರ್ಮದ ಗುಣ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ, ಬೂದು ಕಾಡುಕೋಳಿಯ ಬೆರಕೆಯಿಂದ ಬಂದಿರಬೇಕೆಂದು 2008ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ಆ ಬೂದು ಕಾಡುಕೋಳಿ ನಿಮ್ಮ ಸೊಪ್ಪಿನ ಬೆಟ್ಟದಲ್ಲಿ ಬೆಳಗಿನ ಜಾವ ಕೂಗುವ ಹಕ್ಕಿಯೇ.

ಇನ್ನು ಕೃಷಿಯ ಮಾತು. ‘ಕೋಳಿ ಸಾಕಿದರೆ ತೋಟಕ್ಕೆ ಕೀಟನಾಶಕ ಬೇಡ’ ಎಂಬ ಘೋಷಣೆ ಅರ್ಧ ಸತ್ಯ. ಕೋಳಿ ಗೆಳೆಯ, ಹಗೆ ಎಂದು ವಿಂಗಡಿಸುವುದಿಲ್ಲ. ಗಿಡ ಕಡಿಯುವ ಮರಿಹುಳುವನ್ನು ತಿನ್ನುವ ಕೊಕ್ಕೇ ಆ ಹುಳುವನ್ನು ತಿನ್ನುವ ಕಪ್ಪೆಯನ್ನೂ ಹಾವುರಾಣಿಯನ್ನೂ ಜೇಡವನ್ನೂ ತಿನ್ನುತ್ತದೆ, ಮಣ್ಣು ಹದಗೊಳಿಸುವ ಎರೆಹುಳುವನ್ನೂ ಬಿಡುವುದಿಲ್ಲ. ಸಸಿಯ ಬುಡಕ್ಕೆ ಹಾಕಿದ ಸೊಪ್ಪನ್ನು ಕೆದರಿ ಬೇರು ಬಯಲು ಮಾಡುತ್ತದೆ. ‘ಹಿತ್ತಲಿನ ಹುಳು ತಿಂದ ಕೋಳಿಗೆ ರೋಗವಿಲ್ಲ’ ಎಂಬ ವಾಕ್ಯವಂತೂ ತಪ್ಪೇ. ಇರುವೆ ಮತ್ತು ಜೀರುಂಡೆಗಳ ಮೂಲಕ ಲಾಡಿಹುಳುಗಳು ಕೋಳಿಯ ಕರುಳಿಗೆ ಸೇರುತ್ತವೆ, ಬಸವನಹುಳುಗಳ ಮೂಲಕವೂ ಒಂದು ಜಾತಿಯ ಸಣ್ಣ ಲಾಡಿಹುಳು ಬರುತ್ತದೆ, ಎರೆಹುಳುವಿನ ಮೈಯಲ್ಲಿ ಶ್ವಾಸನಾಳದ ಹುಳುವಿನ ಮರಿಗಳು ಕಾದು ಕುಳಿತಿರಬಹುದು.

ಇದಕ್ಕಿಂತ ಗಂಭೀರವಾದದ್ದು ನಾಲ್ಕನೆಯ ಪುಟದಲ್ಲಿದೆ. ತಂದೆಯವರು ಅಟ್ಟದಲ್ಲಿ ಇಲಿಪಾಷಾಣದ ಬಿಲ್ಲೆಗಳನ್ನು ಇಟ್ಟಿದ್ದರೆಂದು ಒಂದು ಸಾಲಿನಲ್ಲಿ ಹೇಳಿ, ಅದೇ ಪುಟದ ಕೆಳಗೆ ಕೋಳಿಗಳು ಇಲಿಯ ಕಾಟವನ್ನು ಮುಗಿಸಿದವೆಂದು ಮೆಚ್ಚಿದ್ದೀರಿ. ಎರಡನ್ನೂ ಒಂದೇ ಮನೆಯಲ್ಲಿ ಮಾಡಬಾರದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣವನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಓಡಾಡುತ್ತದೆ. ಅಂಥ ಇಲಿಯನ್ನು ಹಿಡಿಯುವುದು ಕೋಳಿಗೆ ಸುಲಭ, ಅದರ ಮೈಯಲ್ಲಿರುವ ವಿಷ ಕೋಳಿಗೂ ಸೇರುತ್ತದೆ, ಮೊಟ್ಟೆಯಲ್ಲಿಯೂ ಉಳಿಯಬಹುದು. ಬರಹದ ವಿಷಯ ಹೇಗಾದರೂ ಇರಲಿ, ಈ ಪತ್ರ ತಲುಪಿದ ದಿನವೇ ಆ ಬಿಲ್ಲೆಗಳನ್ನು ಕೋಳಿ, ಮಕ್ಕಳು ಯಾರಿಗೂ ಸಿಗದಂತೆ ತೆಗೆಸಿಬಿಡಿ, ಇಲಿಬೋನು ಇಡಿಸಿ.

ಕೊನೆಯ ಒಂದೂವರೆ ಪುಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಯುದ್ಧ, ಆಸ್ತಿಜಗಳ, ರಾಜಕಾರಣ ಎಲ್ಲವೂ ಅಲ್ಲಿವೆ, ಕೋಳಿಯೊಂದಿಲ್ಲ. ಅಷ್ಟನ್ನೂ ಬಿಟ್ಟುಬಿಡಿ. ‘ಆಟವೇ ಬದಲಾಯಿತು’, ‘ಮುಖವಾಡ ಕಳಚಿತು’ ಎಂಬಂಥ ಎರವಲು ಮಾತುಗಳನ್ನೂ ಬಿಡಿ. ಕುಕ್ಕು, ಕೆದರು, ಕಸಿ, ಕೊಡವು ಎಂಬ ಕ್ರಿಯಾಪದಗಳು ನಿಮ್ಮ ಮನೆಯಲ್ಲಿಯೇ ಇವೆ.

ತಿದ್ದಿದ ಪ್ರತಿಯನ್ನು 1200 ಪದಗಳೊಳಗೆ ಕಳುಹಿಸಿ, ಆತುರವಿಲ್ಲ, ಒಂದು ಮಳೆಗಾಲ ಕಳೆದ ಮೇಲಾದರೂ ಸರಿ. ಕುಣಿಯುತ್ತಿರುವ ಬಾಲದಿಂದ ಆರಂಭಿಸಿ. ಆ ಕಲ್ಲಿನ ಸಂದಿಯನ್ನೂ ಆಗಾಗ ನೋಡುತ್ತಿರಿ: ಹಾವುರಾಣಿಗೆ ಬಾಲ ಮತ್ತೆ ಬೆಳೆಯುತ್ತದೆ, ಒಳಗೆ ಮೂಳೆಯ ಬದಲು ಮೆಲುಮೂಳೆಯ ಕಡ್ಡಿಯಿರುತ್ತದೆ, ಹೊರಗಿನ ಬಣ್ಣವೂ ಸಾಮಾನ್ಯವಾಗಿ ಹಳೆಯದಕ್ಕೆ ಪೂರ್ತಿ ಹೊಂದುವುದಿಲ್ಲ. ಮೋಟು ಬಾಲದ ಆ ಪ್ರಾಣಿ ಚಳಿಗಾಲದ ಬಿಸಿಲಿಗೆ ಮತ್ತೆ ಅದೇ ಕಲ್ಲಿನ ಮೇಲೆ ಬಂದು ಕುಳಿತರೆ, ಕೆಂಪಿ ಆಗ ಎಲ್ಲಿತ್ತು ಎಂಬುದನ್ನು ನನಗೆ ತಪ್ಪದೆ ಬರೆಯಿರಿ.

ವಿಶ್ವಾಸಪೂರ್ವಕವಾಗಿ,
ಸಂಪಾದಕ